ಒಡವೆ ಮಾಡುವ ಕೈ, ಕಲೆ ಉಳಿಸುವ ಕೈ



ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿದ್ದಾರೆ. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿ ಬೇಸಾಯಕ್ಕೆ ನಿಂತವರು. ರಾಗಿ, ಕಡಲೆಕಾಯಿ, ಹುಣಸೆ ವಿಚಾರವಾದರೆ ಎಷ್ಟು ಬೇಕಾದರೂ ಹೇಳಬಹುದು. ಆದರೆ ಬೆಳ್ಳಿಹಬ್ಬ ಅಂದಮೇಲೆ ಬೆಳ್ಳಿ ಬಂಗಾರ ಮುಟ್ಟಿ ಕೆಲಸ ಮಾಡುವ ಕೈಗಳ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಬರೆಯೋಣ ಅನ್ನಿಸಿತು.

ನಮ್ಮಂಥ ಸಂಘಗಳಿಗೂ ಒಡವೆಗೂ ಹಳೆಯ ನಂಟು. ಬಿತ್ತನೆ ಹೊತ್ತಿಗೆ ಕೈ ಬರಿದಾದಾಗ, ಮಗಳ ಮದುವೆ, ಮಗನ ಕಾಲೇಜು ಫೀಜು, ಕೊಳವೆಬಾವಿ ಖರ್ಚು ಅಂತ ಬಂದಾಗ ನಮ್ಮ ಹೆಣ್ಣುಮಕ್ಕಳು ಕೊರಳಿನಿಂದ ಸರ ಬಿಚ್ಚಿ ಕೊಡುತ್ತಾರೆ. ಸಂಘದ ಕಡೆಯಿಂದ ಅಕ್ಕಸಾಲಿಗರೊಬ್ಬರು ಅದನ್ನು ಒರೆಗಲ್ಲಿಗೆ ಉಜ್ಜಿ ನೋಡಿ, ತೂಗಿ, ಚೀಟಿ ಬರೆಯುತ್ತಾರೆ. ಸಾಲ ಸಿಗುತ್ತದೆ. ಹೀಗೆ ಒಡವೆ ಇಟ್ಟವರಿಗೆ ಸಾಲ ಕೊಡುವ ಪದ್ಧತಿ ನಮಗೆಲ್ಲ ಗೊತ್ತು. ಆದರೆ ಒಡವೆ ಮಾಡುವವರಿಗೆ? ಅದರಲ್ಲೂ ಹಾಡು, ನಾಟಕ, ಚಿತ್ರ ಇಂಥ ಯಾವುದೋ ಒಂದು ಕಲೆಯನ್ನು ಹಚ್ಚಿಕೊಂಡು, ಆ ಕಲೆಯಿಂದ ಅನ್ನ ಹುಟ್ಟದೆ, ಹೊಟ್ಟೆಪಾಡಿಗೆ ಕೈಯಿಂದ ಒಡವೆ ಮಾಡಿ ಮಾರುವವರಿಗೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ಕುಲುಮೆಯಿಂದ ಕಿನ್ನರಿಗೆ

ಕಲೆ ಮತ್ತು ಕಸುಬು ಬೇರೆ ಬೇರೆ ಎಂಬ ಮಾತು ನಮ್ಮ ನಾಡಿನಲ್ಲಿ ಹಳೆಯದೇನಲ್ಲ. ಜೇಡರ ದಾಸಿಮಯ್ಯನವರು ಮಗ್ಗದ ಕೆಲಸ ಮಾಡುತ್ತ ವಚನ ಹೇಳಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತ ವಚನ ಹೇಳಿದರು. ಮಗ್ಗ ಬಿಟ್ಟು ಬಾ, ಆಮೇಲೆ ನೀನು ಕವಿ ಅಂತ ಅವರಿಗೆ ಯಾರೂ ಹೇಳಲಿಲ್ಲ.

ಇದೇ ಸಾಲಿನಲ್ಲಿ ನಮ್ಮ ವಿಷಯಕ್ಕೆ ಹತ್ತಿರ ಬರುವವರು ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬ್ರಹ್ಮಯ್ಯನವರು. ಇವರು ಹುಟ್ಟಿನಿಂದ ಅಕ್ಕಸಾಲಿ ಕಸುಬಿನವರು, ಆಂಧ್ರದ ಕಡೆಯವರು. ಆ ಕೆಲಸ ಬಿಟ್ಟು ಕಲ್ಯಾಣಕ್ಕೆ ಬಂದು ತ್ರಿಪುರಾಂತಕ ದೇವರ ಮುಂದೆ ಕಿನ್ನರಿ ನುಡಿಸಿಕೊಂಡು ಇದ್ದರು. ನುಡಿಸಿದ್ದಕ್ಕೆ ಮೆಚ್ಚಿ ದೇವರೇ ಹೊನ್ನು ಕೊಡುತ್ತಿದ್ದನೆಂದೂ, ಆ ಹೊನ್ನಿನಲ್ಲಿ ಅವರು ದಾಸೋಹ ನಡೆಸುತ್ತಿದ್ದರೆಂದೂ ಶರಣರ ಕಥೆಗಳು ಹೇಳುತ್ತವೆ. ಭಕ್ತಿಯಿಂದ ಕೇಳಬೇಕಾದ ಕಥೆ. ಆದರೆ ಸಂಘದ ನಿರ್ದೇಶಕರಾಗಿ ನಾವು ಒಂದು ಮಾತು ಸೇರಿಸಲೇಬೇಕು: ನಮ್ಮ ಕಡೆಯ ಭಾಗವತರಿಗಾಗಲಿ, ಹಾರ್ಮೋನಿಯಂ ಮೇಷ್ಟ್ರಿಗಾಗಲಿ ಹಾಗೆ ದಿನಾ ಹೊನ್ನು ಕೊಟ್ಟ ದೇವರನ್ನು ನಾವು ಕಂಡಿಲ್ಲ. ದೇವರು ಕೊಡದಿದ್ದಲ್ಲಿ ಕಸುಬು ಕೊಡಬೇಕು.

ಹೊಯ್ಸಳರ ಕಾಲಕ್ಕೆ ಬಂದರೆ ಇನ್ನೊಂದು ಬಗೆ ಕಾಣುತ್ತದೆ. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿ ಈ ಐವರನ್ನು ಪಂಚಾಳರು ಅಂತ ಒಟ್ಟಾಗಿ ಕರೆಯುತ್ತಿದ್ದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರು ತಮ್ಮ ಹೆಸರನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಆ ಮದನಿಕೆಯರ ಕೊರಳ ಹಾರ, ತೋಳಬಂದಿ, ಸೊಂಟದ ಡಾಬು ನೋಡಿದವರಿಗೆ ಗೊತ್ತಾಗುತ್ತದೆ, ಚಿನ್ನದ ಕೆಲಸ ಹತ್ತಿರದಿಂದ ಬಲ್ಲ ಕೈಯೇ ಕಲ್ಲಿನಲ್ಲಿ ಹಾಗೆ ಬಿಡಿಸಲು ಸಾಧ್ಯ ಅಂತ. ನಮ್ಮ ತುಮಕೂರಿನ ಪಕ್ಕದ ಕೈದಾಳದಲ್ಲಿ ಜಕಣಾಚಾರಿಗೆ ಮತ್ತೆ ಕೈ ಬಂದ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಒಂದಂತೂ ನಿಜ. ನಮ್ಮ ಜನ ಕೈ ಬಂದದ್ದನ್ನೇ ದೊಡ್ಡ ವರ ಅಂತ ಎಣಿಸಿದರು.

ಊರಿನ ಅಕ್ಕಸಾಲಿ

ನಮ್ಮ ಕೊಳಾಲ, ಹೊಳವನಹಳ್ಳಿ, ಚನ್ನರಾಯನದುರ್ಗದ ಸುತ್ತಮುತ್ತಲ ಹಳ್ಳಿಗಳಲ್ಲಾಗಲಿ, ಆಚೆ ಮಧುಗಿರಿ, ಶಿರಾ, ಪಾವಗಡದ ಕಡೆಯಲ್ಲಾಗಲಿ ಹಿಂದೆ ಒಡವೆ ಅಂದರೆ ಅಂಗಡಿಯಲ್ಲಿ ಗಾಜಿನ ಒಳಗೆ ನೇತುಹಾಕಿದ ಸಾಮಾನಲ್ಲ. ಅದು ಮಾಡಿಸುವ ವಸ್ತು. ಹಳೆಯ ಕಾಲುಂಗುರ, ಮುರಿದ ವಾಲೆ, ಅಜ್ಜಿ ಇಟ್ಟುಹೋದ ಕಾಸು ಇವನ್ನೆಲ್ಲ ಗಂಟುಕಟ್ಟಿಕೊಂಡು ಅಕ್ಕಸಾಲಿಗರ ಜಗಲಿಗೆ ಹೋಗುತ್ತಿದ್ದರು. ಅಲ್ಲಿ ಮೂಸೆ, ಕುಲುಮೆ, ಊದುಕೊಳವೆ, ಇಕ್ಕಳ, ಅಡಿಗಲ್ಲು, ತಂತಿ ಎಳೆಯುವ ತೂತು ತಗಡು. ಬೆಸುಗೆಗೆ ಬಿಳಿಗಾರ. ತೂಕಕ್ಕೆ ಗುಲಗಂಜಿ. ಬುಗುಡಿ, ಮೂಗುಬೊಟ್ಟು, ತಾಳಿಗುಂಡು, ಕಡಗ, ಜಡೆಬಿಲ್ಲೆ, ಮಗುವಿನ ಉಡಿದಾರ ಎಲ್ಲವೂ ಆ ಒಂದೇ ಜಗಲಿಯಲ್ಲಿ ಕಣ್ಣೆದುರಿಗೇ ಆಗುತ್ತಿತ್ತು. ಕೂಲಿ ಎಂದರೆ ಎಲ್ಲವೂ ರೊಕ್ಕವಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಇಷ್ಟು ರಾಗಿ ಅಳೆದು ಕೊಡುವುದೂ ಇತ್ತು.

ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವಿತ್ತು. ಊರು ಅಕ್ಕಸಾಲಿಯ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಬಿಡುವಿನ ಕಾಲದಲ್ಲಿ ಅವರು ದೇವರ ಉತ್ಸವಮೂರ್ತಿಗೆ ಬೆಳ್ಳಿ ಕವಚ ಹೊಡೆಯುತ್ತಿದ್ದರು, ಭಜನೆಗೆ ಕೂರುತ್ತಿದ್ದರು, ಬಯಲಾಟಕ್ಕೆ ಕಿರೀಟ ಕಟ್ಟುತ್ತಿದ್ದರು. ಕಸುಬಿನ ಒಲೆ ಉರಿಯುತ್ತಿದ್ದರಿಂದ ಕಲೆಯ ದೀಪಕ್ಕೂ ಎಣ್ಣೆ ಸಿಗುತ್ತಿತ್ತು.

ಒಂದು ತೊಡಕೂ ಇತ್ತು. ಅದು ಅನುಮಾನ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಇದು ಒಂದು ಕುಲದ ಗುಣ ಹೇಳುವ ಮಾತು ಅಂತ ನಾವು ಒಪ್ಪುವುದಿಲ್ಲ. ಚಿನ್ನ ಕರಗಿಸಿ ಬಡಿದು ಅರದಲ್ಲಿ ಉಜ್ಜಿದಾಗ ಸವೆತ ಆಗಿಯೇ ಆಗುತ್ತದೆ. ಎಷ್ಟು ಸವೆಯಿತು, ಎಷ್ಟು ತಾಮ್ರ ಬೆರೆಯಿತು ಎಂದು ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ ಅಳೆದು ತೋರಿಸುವ ಸಾಧನ ಹಳ್ಳಿಯಲ್ಲಿ ಇರಲಿಲ್ಲ. ಅಳತೆ ಇಲ್ಲದ ಕಡೆ ಅನುಮಾನ ಹುಟ್ಟುತ್ತದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಯಂತ್ರ ಬರುವುದಕ್ಕೆ ಮುಂಚೆ ಹಾಲು ಹಾಕುವವರ ಮೇಲೆ ಏನೇನು ಮಾತು ಬರುತ್ತಿತ್ತು ಎಂಬುದನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಯಂತ್ರ ಬಂದಮೇಲೆ ಹಾಲೂ ಅದೇ, ಹಸುವೂ ಅದೇ, ಆದರೆ ಜಗಳ ಕಡಿಮೆಯಾಯಿತು.

1963ರ ಪೆಟ್ಟು

ಊರ ಅಕ್ಕಸಾಲಿಯ ಕಸುಬಿಗೆ ಬಿದ್ದ ದೊಡ್ಡ ಪೆಟ್ಟಿನ ಕಥೆ ಈಗಿನ ಹುಡುಗರಿಗೆ ಗೊತ್ತಿಲ್ಲ. 1962ರಲ್ಲಿ ಚೀನಾ ಯುದ್ಧವಾಯಿತು. ದೇಶದಲ್ಲಿ ವಿದೇಶಿ ವಿನಿಮಯದ ಅಭಾವ. ಕಳ್ಳಸಾಗಣೆಯಲ್ಲಿ ಬರುವ ಚಿನ್ನವನ್ನು ತಡೆಯಬೇಕು, ಜನಕ್ಕೆ ಚಿನ್ನದ ಆಸೆ ಬಿಡಿಸಬೇಕು ಅಂತ 1963ರ ಜನವರಿಯಲ್ಲಿ ಕೇಂದ್ರ ಸರ್ಕಾರ ಚಿನ್ನ ನಿಯಂತ್ರಣ ನಿಯಮಗಳನ್ನು ಜಾರಿಗೆ ತಂದಿತು. ಆಗ ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿ. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು ಎಂಬುದು ಅದರ ಮುಖ್ಯ ಅಂಶ.

ಹದಿನಾಲ್ಕು ಕ್ಯಾರೆಟ್ ಅಂದರೆ 24 ಪಾಲಿನಲ್ಲಿ 14 ಪಾಲು ಮಾತ್ರ ಚಿನ್ನ, ಮಿಕ್ಕ 10 ಪಾಲು ಬೇರೆ ಲೋಹ. ನಮ್ಮ ಜನ ಒಪ್ಪುವುದು 22 ಕ್ಯಾರೆಟ್ಟಿನ ಹಳದಿ ಚಿನ್ನ. ಮಂಗಳಸೂತ್ರಕ್ಕೆ ಕೆಂಪಗೆ ಮಾಸಿದ ಹಾಗೆ ಕಾಣುವ ಲೋಹ ಯಾರು ಕೊಳ್ಳುತ್ತಾರೆ? ಮೇಲಾಗಿ ಬೆರಕೆ ಹೆಚ್ಚಾದಷ್ಟೂ ಚಿನ್ನ ಗಡುಸಾಗುತ್ತದೆ. ಊದುಕೊಳವೆ, ಸುತ್ತಿಗೆಯಲ್ಲಿ ಸೂಕ್ಷ್ಮ ಕೆಲಸ ಮಾಡುವ ಹಳ್ಳಿಯ ಕೈಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ ಗಿರಾಕಿಯೂ ಹೋದರು, ಕೆಲಸವೂ ಹೋಯಿತು. ದೇಶದಾದ್ಯಂತ ಲಕ್ಷಾಂತರ ಅಕ್ಕಸಾಲಿಗರ ಕುಲುಮೆ ಆರಿತು. ಕೆಲವರು ಪ್ರಾಣ ಕಳೆದುಕೊಂಡ ವಿಷಯ ಸಂಸತ್ತಿನಲ್ಲೂ ಚರ್ಚೆಯಾಯಿತು. ಬೇರೆ ಉದ್ಯೋಗ, ತರಬೇತಿ, ಸಾಲ ಅಂತ ಸರ್ಕಾರ ಪರಿಹಾರ ಯೋಜನೆ ಮಾಡಿತು. ಆದರೆ ನಲವತ್ತು ವರ್ಷ ಮೂಗುಬೊಟ್ಟಿಗೆ ಹರಳು ಕೂರಿಸಿದವರು ಇನ್ನೊಂದು ಕೆಲಸ ಕಲಿಯುವುದು ಸುಲಭವೇ?

ಹಳೆಯ ಒಡವೆ ಕರಗಿಸಿ ಅದೇ ಶುದ್ಧತೆಯಲ್ಲಿ ಮಾಡಿಕೊಡಬಹುದು ಅಂತ ಆಮೇಲೆ ಸಡಿಲಿಕೆಯಾಯಿತು. 1966ರಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟು ತೆಗೆದರು. ಆದರೂ 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ಬಂದು, ಪರವಾನಗಿ, ಲೆಕ್ಕದ ಪುಸ್ತಕ, ಇಂತಿಷ್ಟಕ್ಕಿಂತ ಹೆಚ್ಚು ಚಿನ್ನ ಇಟ್ಟುಕೊಳ್ಳಬಾರದು ಎಂಬ ನಿಬಂಧನೆ ಮುಂದುವರಿದವು. ಈ ಕಾಯಿದೆ ರದ್ದಾದದ್ದು 1990ರ ಜೂನ್‌ನಲ್ಲಿ. ಅಂದರೆ ಇಪ್ಪತ್ತೇಳು ವರ್ಷ. ಒಂದು ತಲೆಮಾರು ಮಗನಿಗೆ ಕಸುಬು ಕಲಿಸುವ ಕಾಲವೇ ಕಳೆದುಹೋಯಿತು. ಮಗ ಬಸ್ ಕಂಡಕ್ಟರೋ, ಮೇಷ್ಟ್ರೋ, ಬೆಂಗಳೂರಿನ ಕಾರ್ಖಾನೆ ನೌಕರನೋ ಆದ. ಬಾಗಿಲು ಮತ್ತೆ ತೆರೆದಾಗ ಒಳಗೆ ಬಂದದ್ದು ದೊಡ್ಡ ಪೇಟೆಯ ಅಚ್ಚಿನ ಒಡವೆ.

ಇದರಲ್ಲಿ ಸಹಕಾರಿಗಳು ಗಮನಿಸಬೇಕಾದ ಅಂಶವೊಂದಿದೆ. ಅಕ್ಕಸಾಲಿಗರು ಒಬ್ಬೊಬ್ಬರಾಗಿ ಜಗಲಿಯಲ್ಲಿ ಕೂತವರು. ದಿಲ್ಲಿಯಲ್ಲಿ ಒಂದು ಆಜ್ಞೆ ಹೊರಟಾಗ ಅವರ ಪರವಾಗಿ ದಾಸ್ತಾನು ಇಡುವ, ಸಾಲ ತರುವ, ಬೇರೆ ಮಾರುಕಟ್ಟೆ ಹುಡುಕುವ ಸಂಸ್ಥೆ ಹಳ್ಳಿಯಲ್ಲಿ ಇರಲಿಲ್ಲ. ಒಂಟಿ ಕೈ ಎಷ್ಟೇ ಕುಶಲವಾದರೂ ಒಂಟಿ ಕೈಯೇ.

ಬಣ್ಣದ ಒಡವೆ

ಈಗ ನಾಟಕದ ವಿಚಾರಕ್ಕೆ ಬರೋಣ. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಒಡವೆಯೂ ಕಲೆಯೂ ನೇರವಾಗಿ ಕೂಡುವ ಜಾಗ ರಂಗಸ್ಥಳ.

ತುಮಕೂರು ಜಿಲ್ಲೆ ಮೂಡಲಪಾಯ ಯಕ್ಷಗಾನದ ಸೀಮೆ. ಜಾನಪದ ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯನವರು ಈ ಆಟಕ್ಕೆ ನಾಡಿನ ವಿದ್ವಾಂಸರ ಗಮನ ಬರುವ ಹಾಗೆ ಮಾಡಿದರು. ಕಿರೀಟ, ಭುಜಕೀರ್ತಿ, ಎದೆಹಾರ, ತೋಳಬಂದಿ, ಡಾಬು ಇವಿಲ್ಲದೆ ಮೂಡಲಪಾಯದ ರಾಜನಿಲ್ಲ. ಇವು ಚಿನ್ನದವಲ್ಲ. ಹಗುರ ಮರದ ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ, ಮಣಿ ಪೋಣಿಸಿ ಕೈಯಿಂದಲೇ ಮಾಡುವಂಥವು. ದೀವಟಿಗೆಯ ಬೆಳಕಿನಲ್ಲಿ ಅವು ಹೊಳೆದರೆ ನೋಡುವವನಿಗೆ ಅಸಲಿ ಬಂಗಾರವೂ ಸಪ್ಪೆ.

ಕಂಪನಿ ನಾಟಕದ ಚರಿತ್ರೆಯಲ್ಲೂ ನಮ್ಮ ಜಿಲ್ಲೆಯದೇ ಮುಂದಾಳತ್ವ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲನಟನಾಗಿ ಸೇರಿ, ಮುಂದೆ ಅದರ ಯಜಮಾನರಾಗಿ ನಾಡಿಗೆಲ್ಲ ಹೆಸರಾದವರು ಗುಬ್ಬಿ ವೀರಣ್ಣನವರು. ಅವರ ಕುರುಕ್ಷೇತ್ರ ನಾಟಕದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಅಂಥ ವೈಭವದ ಹಿಂದೆ ಪರದೆ ಬರೆಯುವವರು, ಜರಿ ಹೊಲಿಯುವವರು, ಕಿರೀಟ ಮಾಡುವವರು ಅಂತ ಎಷ್ಟೋ ಕೈಗಳು ದುಡಿದವು. ಪರದೆಯ ಮುಂದೆ ನಿಂತವರ ಹೆಸರು ಉಳಿಯಿತು, ಹಿಂದೆ ನಿಂತವರ ಹೆಸರು ಉಳಿಯಲಿಲ್ಲ. ಆದರೆ ಕಂಪನಿ ನಡೆಯುತ್ತಿದ್ದಷ್ಟು ದಿನ ಇಬ್ಬರ ಮನೆಯಲ್ಲೂ ಒಲೆ ಉರಿಯಿತು.

ಈಗಲೂ ನಮ್ಮ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಕುರುಕ್ಷೇತ್ರ ನಾಟಕ ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಕಲಿಸುತ್ತಾರೆ. ಸೀನರಿ, ಡ್ರೆಸ್ಸು, ಒಡವೆ ಎಲ್ಲ ಪೇಟೆಯಿಂದ ಬಾಡಿಗೆಗೆ ಬರುತ್ತದೆ. ಇದರಲ್ಲಿ ಹೊರಗಿನವರಿಗೆ ಆಶ್ಚರ್ಯವಾಗುವ ಸಂಗತಿ ಏನೆಂದರೆ ಪಾತ್ರ ಮಾಡುವವನಿಗೆ ಸಂಬಳವಿಲ್ಲ, ಅವನೇ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು. ದುರ್ಯೋಧನನ ಪಾತ್ರ ಬೇಕಾದರೆ ಇನ್ನೂ ಹೆಚ್ಚು. ಅಂದರೆ ನಮ್ಮ ಕಡೆ ಕಲೆ ಅನ್ನ ಕೊಡುವುದಿಲ್ಲ, ಅನ್ನದಿಂದ ಉಳಿಸಿ ಕಲೆಗೆ ಕೊಡಬೇಕು. ರಾಗಿ ಮಾರಿಯೋ, ಕುರಿ ಮಾರಿಯೋ ಭೀಮನಾಗಿ ಗದೆ ತಿರುಗಿಸಿದ ರೈತರು ಈ ಸಂಚಿಕೆ ಓದುವವರಲ್ಲೇ ಎಷ್ಟೋ ಜನ ಇದ್ದಾರೆ. ಅದೇ ಹೊತ್ತಿನಲ್ಲಿ ಆ ಭೀಮನ ಭುಜಕೀರ್ತಿ ಮಾಡಿ ಬಾಡಿಗೆಗೆ ಕೊಡುವವರಿಗೆ ಅದೇ ಜೀವನ. ಕಲೆ ಆಡಲು ಬೇಕಾದ ಒಡವೆಯನ್ನು ಕಲೆ ಬಲ್ಲವನೇ ಮಾಡಿದರೆ ದುಡ್ಡು ಊರಲ್ಲೇ ಉಳಿಯುತ್ತದಲ್ಲ ಎಂಬುದು ನಮ್ಮ ಮೊದಲನೆಯ ಆಲೋಚನೆ.

ಚನ್ನಪಟ್ಟಣದವರು ಮಾಡಿದ ದಾರಿ

ಹೀಗೆ ಒಡವೆಯಿಂದ ಒಂದು ಕಲೆಯನ್ನು ನಿಲ್ಲಿಸಿಕೊಂಡವರನ್ನು ನೋಡಬೇಕಾದರೆ ಬೆಂಗಳೂರು ಮೈಸೂರು ರಸ್ತೆಯ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಬಣ್ಣದ ಗೊಂಬೆ ಯಾರಿಗೆ ಗೊತ್ತಿಲ್ಲ? ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬವಾಸ್ ಮಿಯಾ ಎಂಬುವರು ಜಪಾನಿನ ಅರಗಿನ ಕೆಲಸದ ವಿಧಾನ ಅರಿತು ಅಲ್ಲಿನ ಕುಶಲಕರ್ಮಿಗಳಿಗೆ ಕಲಿಸಿದರೆಂದು ಹೆಸರಾಗಿದ್ದಾರೆ. ಆಲೆಮರವನ್ನು ಒಣಗಿಸಿ, ಲೇತಿನಲ್ಲಿ ತಿರುಗಿಸಿ ಕೆತ್ತುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುತ್ತಾರೆ.

ಅಗ್ಗದ ಪ್ಲಾಸ್ಟಿಕ್ ಆಟಿಕೆ ಹೊರದೇಶದಿಂದ ಬಂದು ಸಂತೆ ಸಂತೆ ತುಂಬಿದಾಗ ಚನ್ನಪಟ್ಟಣದ ಗೊಂಬೆಗೆ ಕಷ್ಟ ಬಂತು. ಆಗ ಕೈ ಹಿಡಿದವುಗಳಲ್ಲಿ ಮರದ ಮಣಿ, ಬಳೆ, ಓಲೆ, ಸರಗಳೂ ಸೇರಿವೆ. ಅದೇ ಮರ, ಅದೇ ಅರಗು, ಅದೇ ಲೇತು. ಗೊಂಬೆ ಮಗು ಇರುವ ಮನೆಗೆ ಮಾತ್ರ ಬೇಕು, ಬಳೆ ಓಲೆ ಎಲ್ಲ ಮನೆಗೂ ಬೇಕು. ಪಕ್ಕದ ನೀಲಸಂದ್ರದಂಥ ಹಳ್ಳಿಗಳಲ್ಲಿ ಮನೆಗಳಲ್ಲೇ ಲೇತು ಹಾಕಿಕೊಂಡು ದುಡಿಯುತ್ತಾರೆ, ಹೆಣ್ಣುಮಕ್ಕಳೂ ಈ ಕೆಲಸದಲ್ಲಿದ್ದಾರೆ. ಬಳೆ ಮಣಿ ಮಾಡುವುದರಿಂದ ಲೇತು ನಿಲ್ಲುವುದಿಲ್ಲ, ಲೇತು ನಿಲ್ಲದಿದ್ದರೆ ಗೊಂಬೆ ಮಾಡುವ ಕೈ ಮರೆಯುವುದಿಲ್ಲ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬೇರೆ ಕಡೆ ಮಾಡಿದ್ದನ್ನು ಆ ಊರಿನ ಹೆಸರಲ್ಲಿ ಮಾರುವಂತಿಲ್ಲ. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು.

ಚನ್ನಪಟ್ಟಣದಿಂದ ಕಲಿಯಬೇಕಾದ್ದು ಇಷ್ಟು: ಕಲೆ ಬಿಟ್ಟು ವ್ಯಾಪಾರಕ್ಕೆ ಹೋಗಬೇಕಿಲ್ಲ, ವ್ಯಾಪಾರ ಬಿಟ್ಟು ಕಲೆಗೆ ಉಪವಾಸ ಕೂರಬೇಕಿಲ್ಲ. ಚಿಕ್ಕ ವಸ್ತು ಮಾರಿ ದೊಡ್ಡ ವಸ್ತುವನ್ನು ಉಳಿಸಿಕೊಳ್ಳಬಹುದು.

ಕಮಲಾದೇವಿಯವರ ಲೆಕ್ಕ

ಇದನ್ನು ದೇಶದ ಮಟ್ಟದಲ್ಲಿ ಕಂಡುಕೊಂಡವರು ನಮ್ಮ ಕನ್ನಡ ನಾಡಿನ ಮಗಳೇ, 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಸ್ವಾತಂತ್ರ್ಯ ಹೋರಾಟಗಾರ್ತಿ ಅಂತ ಅವರನ್ನು ಎಲ್ಲರೂ ಬಲ್ಲರು. ಅವರು ನಾಟಕ, ಸಿನಿಮಾ ಬಲ್ಲವರೂ ಹೌದು. 1931ರ ಮೂಕಿ ಚಿತ್ರ ಮೃಚ್ಛಕಟಿಕದಲ್ಲಿ ನಟಿಸಿದ್ದರು. ಆ ಕಥೆ ನಮ್ಮ ವಿಷಯಕ್ಕೆ ಎಷ್ಟು ಹೊಂದುತ್ತದೆ ನೋಡಿ. ಬಂಗಾರದ ಆಟದ ಬಂಡಿ ಬೇಕು ಅಂತ ಅಳುವ ಮಗುವಿನ ಮಣ್ಣಿನ ಬಂಡಿಗೆ ವಸಂತಸೇನೆ ತನ್ನ ಒಡವೆಗಳನ್ನು ತೆಗೆದು ತುಂಬುತ್ತಾಳೆ.

ದೇಶ ವಿಭಜನೆಯಾಗಿ ನಿರಾಶ್ರಿತರು ಲಕ್ಷಗಟ್ಟಲೆ ಬಂದಾಗ ಕಮಲಾದೇವಿಯವರು ಭಿಕ್ಷೆ ಕೊಡುವ ಬದಲು ಸಹಕಾರದ ದಾರಿ ಹಿಡಿದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ ಫರೀದಾಬಾದಿನಲ್ಲಿ ನಿರಾಶ್ರಿತರ ನೆಲೆ ನಿಲ್ಲಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅವರೇ ಅಧ್ಯಕ್ಷೆ. ದಿಲ್ಲಿಯ ಕಾಟೇಜ್ ಎಂಪೋರಿಯಂ ಅಂಗಡಿಯನ್ನು ಅವರ ಸಹಕಾರಿ ಯೂನಿಯನ್ನೇ ನಡೆಸಿತು. ನಮ್ಮ ರಾಜ್ಯದಲ್ಲೂ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿ, ಕಾವೇರಿ ಎಂಬ ಹೆಸರಿನ ಮಳಿಗೆಗಳಲ್ಲಿ ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ, ಮೈಸೂರಿನ ಗಂಧದ ಕೆತ್ತನೆ ಮಾರಾಟಕ್ಕೆ ಬಂದವು.

ಅವರ ಕೆಲಸದಲ್ಲಿ ನಮಗೆ ಕಾಣುವ ಲೆಕ್ಕ ಇದು. ಕುಶಲಕರ್ಮಿಗೆ ಕೈಚಳಕ ಯಾರೂ ಕಲಿಸಬೇಕಾಗಿಲ್ಲ. ಅವನಿಗೆ ಬೇಕಾದ್ದು ಮೂರು: ಒಳ್ಳೆಯ ಕಚ್ಚಾಮಾಲು, ನಂಬಿಕೆ ಹುಟ್ಟಿಸುವ ಅಳತೆ, ಸರಿಯಾದ ಮಾರುಕಟ್ಟೆ. ಈ ಮೂರನ್ನೂ ಒಬ್ಬನೇ ತಲೆಯ ಮೇಲೆ ಹೊತ್ತರೆ ಕೈ ಕೆಲಸ ಮಾಡುವುದು ಯಾವಾಗ, ಹಾಡು ಹಾಡುವುದು ಯಾವಾಗ? ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದೂ ಇದೇ ಕಾರಣಕ್ಕೆ. ರೈತನ ಹೊರೆಯನ್ನು ಹತ್ತು ಜನ ಹಂಚಿಕೊಳ್ಳಲಿ ಅಂತ.

ಇವತ್ತಿನ ಮಾತು

ಈಚೆಗೆ ನಮ್ಮ ಸಂಘಕ್ಕೆ ಒಂದು ಅರ್ಜಿ ಬಂದಿದೆ. ನಮ್ಮ ಹೋಬಳಿಯ ಕೆಲವು ಯುವಕ ಯುವತಿಯರು, ನಾಟಕ ಆಡುವವರು, ಚಿತ್ರ ಬರೆಯುವವರು, ಒಂದು ಗುಂಪು ಮಾಡಿಕೊಂಡಿದ್ದಾರೆ. ಸುಟ್ಟ ಮಣ್ಣಿನ ಸರ, ಓಲೆ, ದಾರ ಸುತ್ತಿದ ಬಳೆ, ನಾಟಕದ ಕಿರೀಟ ಭುಜಕೀರ್ತಿ ಕೈಯಿಂದ ಮಾಡಿ ಗೊರವನಹಳ್ಳಿ, ಸಿದ್ಧರಬೆಟ್ಟದಂಥ ಯಾತ್ರಾಸ್ಥಳಗಳಲ್ಲೂ ಜಾತ್ರೆಗಳಲ್ಲೂ ಮಾರಬೇಕು, ಬಂದದ್ದರಲ್ಲಿ ಸಂಸಾರವೂ ನಡೆಯಬೇಕು, ವರ್ಷಕ್ಕೆ ಒಂದು ನಾಟಕವೂ ಆಡಬೇಕು ಎಂಬುದು ಅವರ ಆಸೆ. ಸಾಲ ಕೇಳಿದ್ದಾರೆ. ಸಮಿತಿಯಲ್ಲಿ ಎರಡು ಅಭಿಪ್ರಾಯ ಬಂತು. "ಅಲ್ಲಪ್ಪಾ, ರಾಗಿ ಬಿತ್ತೋದಕ್ಕೆ ಸಾಲ ಕೊಟ್ಟೆ ಅಂದ್ರೆ ಸರಿ, ಮಣಿ ಪೋಣಿಸೋದಕ್ಕೆ ಕೊಟ್ಟೆ ಅಂತ ಮಹಾಸಭೆಯಲ್ಲಿ ಹೆಂಗೆ ಹೇಳ್ತೀಯ?" ಅಂತ ಹಿರಿಯರೊಬ್ಬರು ಕೇಳಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸಂಘದ ಹಣ ಎಲ್ಲರ ಷೇರಿನ ಹಣ. ಆದ್ದರಿಂದ ಭಾವನೆ ಬಿಟ್ಟು ಲೆಕ್ಕವನ್ನೇ ನೋಡೋಣ.

ಒಂದು ಮಣ್ಣಿನ ಸರ ಅಂತ ಇಟ್ಟುಕೊಳ್ಳಿ. ಮಣ್ಣು, ಬಣ್ಣ, ದಾರ, ಕೊಕ್ಕೆಗೆ 60 ರೂಪಾಯಿ. ಮೂರು ಗಂಟೆ ಕೆಲಸ. ದಿನಕ್ಕೆ ಎಂಟು ಗಂಟೆಗೆ 400 ರೂಪಾಯಿ ಕೂಲಿ ಅಂತ ಹಿಡಿದರೆ ಮೂರು ಗಂಟೆಗೆ 150. ಸುಡುವಾಗ ಒಡೆದದ್ದು, ಬಸ್ ಚಾರ್ಜು, ಡಬ್ಬಿ ಸೇರಿ 30. ಒಟ್ಟು 240. ಜಾತ್ರೆಯಲ್ಲಿ ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಸರ ನೋಡಿ ಹೆದರಿ 200ಕ್ಕೆ ಕೊಟ್ಟರೆ, ಕೈಗೆ 140 ಉಳಿಯಿತು ಅಂತ ಖುಷಿಯಾಗುತ್ತದೆ. ನಿಜವಾಗಿ 40 ನಷ್ಟ. ನಾವು ರೈತರು ಮನೆಮಂದಿಯ ಕೂಲಿ ಬಿಟ್ಟು ರಾಗಿಯ ಲಾಭ ಎಣಿಸುವುದೂ ಹೀಗೆಯೇ ಅಲ್ಲವೇ! ಅದಕ್ಕೇ ನಾವು ಆ ಗುಂಪಿನವರಿಗೆ ಹೇಳುವುದು: ಕೈಕೂಲಿ ಬರೆಯದ ಲೆಕ್ಕ ಲೆಕ್ಕವಲ್ಲ. ಒಂದೇ ಬಗೆ ನೂರು ಮಾಡಬೇಡಿ, ಹತ್ತು ಮಾಡಿ ಮಾರಿ ನೋಡಿ. ನಾಟಕದ ಒಡವೆಯನ್ನು ಮಾರುವುದಕ್ಕಿಂತ ಬಾಡಿಗೆಗೆ ಕೊಡಿ, ಒಂದೇ ಕಿರೀಟ ಹತ್ತು ಊರಿನಲ್ಲಿ ದುಡಿಯುತ್ತದೆ. ಗುಲಗಂಜಿ ಚೆಂದ ಅಂತ ಸರಕ್ಕೆ ಪೋಣಿಸಬೇಡಿ, ಅದರ ಬೀಜ ವಿಷ, ಮಕ್ಕಳು ಬಾಯಿಗೆ ಹಾಕಿಕೊಂಡಾರು. ಹುಣಸೆ ಬೀಜ ನಮ್ಮಲ್ಲಿ ಬೇಕಾದಷ್ಟಿದೆ.

ಸಂಘದ ಕಡೆಯಿಂದ ಏನಾಗಬೇಕು? ಗುಂಪಿನ ಜವಾಬ್ದಾರಿಯ ಮೇಲೆ ಚಿಕ್ಕ ಸಾಲ, ಮೊದಲ ಕಂತು ತೀರಿದ ಮೇಲೆ ಎರಡನೆಯದು. ಬಣ್ಣ, ಕೊಕ್ಕೆ, ಮಣಿಯನ್ನು ಒಟ್ಟಿಗೆ ತರಿಸಿದರೆ ಸಿಗುವ ದರವೇ ಬೇರೆ. ಬೆಳ್ಳಿ ಬಂಗಾರದ ಕೆಲಸ ಇನ್ನೂ ಮಾಡುತ್ತಿರುವ ಹಿರಿಯರಿದ್ದರೆ ಅವರ ಕೈಕೆಳಗೆ ಹುಡುಗರು ಕಲಿಯುವ ಹಾಗಾಗಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಅಕ್ಕಸಾಲಿ, ಗೊಂಬೆ ಮಾಡುವವರು, ಮಾಲೆ ಕಟ್ಟುವವರು ಸೇರಿದ್ದಾರೆ. ತರಬೇತಿ ಕಾಲದಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಮೊದಲು ಒಂದು ಲಕ್ಷ ಆಮೇಲೆ ಎರಡು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಎಂದು ಅದರಲ್ಲಿದೆ. ಇಂಥದ್ದರ ಅರ್ಜಿ ಬರೆಯಲು ಸಂಘ ನೆರವಾದರೆ ಅದೂ ಒಂದು ಸೇವೆ.

ಚಿನ್ನದ ಕೆಲಸಕ್ಕೆ ಕಾಲ ಬದಲಾಗಿದೆ ಎಂಬುದನ್ನೂ ಹೇಳಬೇಕು. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಮಾಡುವ ಚಿಕ್ಕವರಿಗೆ ವಿನಾಯಿತಿ ಕೊಟ್ಟರು. ಒರೆಗಲ್ಲು ಮಾಡುತ್ತಿದ್ದ ಕೆಲಸವನ್ನು ಈಗ ಆರು ಅಕ್ಷರ ಅಂಕಿಯ ಗುರುತು ಮಾಡುತ್ತದೆ. ಅನುಮಾನದ ಗಾದೆಗೆ ಇದರಿಂದ ಉತ್ತರ ಸಿಕ್ಕಿತು, ಒಳ್ಳೆಯದೇ. ಆದರೆ 1990ರಲ್ಲಿ ಹತ್ತು ಗ್ರಾಂಗೆ ಮೂರು ಸಾವಿರದ ಆಸುಪಾಸಿನಲ್ಲಿದ್ದ ಚಿನ್ನ 2025ರಲ್ಲಿ ಒಂದು ಲಕ್ಷ ದಾಟಿತು. ಬಂಡವಾಳವಿಲ್ಲದ ಹುಡುಗರು ಅದಕ್ಕೆ ಕೈ ಹಾಕುವ ಹಾಗಿಲ್ಲ. ಅವರಿಗೆ ಮಣ್ಣು, ಮರ, ದಾರ, ಬೇಗಡೆಯೇ ಬಂಗಾರ.

ಕೆಲವರು ಹೇಳಬಹುದು, ನಾಟಕ ಪಾಟಕ ಎಲ್ಲ ಹೊಟ್ಟೆ ತುಂಬಿದ ಮೇಲಿನ ಮಾತು ಅಂತ. ಬರಗಾಲ ಕಂಡ ಸೀಮೆ ನಮ್ಮದು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯ ಜನ ಹೊಟ್ಟೆ ತುಂಬಿದ ಮೇಲೆ ಹಾಡೋಣ ಅಂತ ಕಾದಿದ್ದರೆ ಈ ನೆಲದಲ್ಲಿ ಸೋಬಾನೆಯೂ ಇರುತ್ತಿರಲಿಲ್ಲ, ಮೂಡಲಪಾಯವೂ ಇರುತ್ತಿರಲಿಲ್ಲ. ಹಸಿವಿನ ನಡುವೆಯೂ ಹಾಡಿದವರ ಮಕ್ಕಳು ನಾವು. ಆದರೆ ಹಸಿದೇ ಹಾಡಲಿ ಅಂತ ಇನ್ನೊಬ್ಬರಿಗೆ ಹೇಳುವ ಹಕ್ಕು ನಮಗಿಲ್ಲ. 1963ರಲ್ಲಿ ಆರಿದ ಕುಲುಮೆಗಳ ಪಕ್ಕದಲ್ಲಿ ಒಂದು ಸಂಘ ನಿಂತಿದ್ದರೆ ಎಷ್ಟು ಕೈ ಉಳಿಯುತ್ತಿದ್ದವೋ! ಈಗ ಸಂಘ ಇದೆ, ಕೈಗಳೂ ಇವೆ.

ಆದ್ದರಿಂದ ಬರುವ ಮಹಾಸಭೆಯಲ್ಲಿ ಈ ಅರ್ಜಿಯ ವಿಷಯ ಚರ್ಚೆಗೆ ಬಂದಾಗ ಸದಸ್ಯರು ಪರವೋ ವಿರೋಧವೋ, ಲೆಕ್ಕ ನೋಡಿ, ಚರಿತ್ರೆ ನೋಡಿ ಮಾತಾಡಬೇಕೆಂದು ವಿನಂತಿಸುತ್ತೇವೆ. ನಮ್ಮ ಅಭಿಪ್ರಾಯ ಕೊಡಬೇಕೆಂಬುದೇ. ಕೊಟ್ಟ ಸಾಲ ವಸೂಲಿಯಾಗಬೇಕೆಂಬುದೂ ಅಷ್ಟೇ ಖಂಡಿತ. 

ಜೈ ಸಹಕಾರ.